ಋಣಮುಕ್ತಿಯ ಮುಹೂರ್ತವೂ ಸತ್ಯಾಣುವ್ರತವೂ

ರಾತ್ರಿಭೋಜನವನ್ನು ತ್ಯಜಿಸಿದ ಶ್ರಾವಕನ ಮನೆಯಲ್ಲಿ ಸಂಜೆಯ ಹೊತ್ತು ಗಡಿಯಾರಕ್ಕೆ ವಿಶೇಷವಾದ ಗೌರವವಿರುತ್ತದೆ. ಯಜಮಾನನು ಅಂಗಡಿಯಿಂದ ಬೇಗ ಹೊರಡುತ್ತಾನೆ. ಗೃಹಿಣಿಯು ಹೊತ್ತಿಗೆ ಮುಂಚೆಯೇ ಅಡಿಗೆ ಮುಗಿಸಿರುತ್ತಾಳೆ. ಶಾಲೆಯಿಂದ ಬಂದ ಮಕ್ಕಳನ್ನು ಆಟಕ್ಕೆ ಬಿಡುವ ಮೊದಲೇ ತಟ್ಟೆಯ ಮುಂದೆ ಕೂರಿಸುತ್ತಾರೆ. ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಯಬೇಕು. ಈ ಲೆಕ್ಕಾಚಾರವನ್ನು ಕಂಡು, 'ಇವರು ವ್ರತದ ಸಂದಿಯಲ್ಲಿ ನುಸುಳುತ್ತಿದ್ದಾರೆ' ಎಂದು ಯಾರೂ ಆಕ್ಷೇಪಿಸುವುದಿಲ್ಲ. ಹೊತ್ತು ನೋಡಿ ನಡೆಯುವುದೇ ಆ ವ್ರತದ ಸ್ವರೂಪ. ಆದರೆ ಅದೇ ಮನೆಯಲ್ಲಿ ಯಾರಾದರೊಬ್ಬರು ಗಡಿಯಾರದ ಮುಳ್ಳನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿ, ಕಿಟಕಿ ಮುಚ್ಚಿ, 'ಇನ್ನೂ ಹೊತ್ತಿದೆ' ಎಂದು ಊಟಕ್ಕೆ ಕುಳಿತರೆ? ಗಡಿಯಾರ ಅವರ ಪರವಾಗಿ ಸಾಕ್ಷಿ ಹೇಳಬಹುದು, ಸೂರ್ಯನು ಹೇಳುವುದಿಲ್ಲ.

ಹೊತ್ತು ನೋಡಿ ನಡೆಯುವುದಕ್ಕೂ ಹೊತ್ತನ್ನೇ ತಿರುಚುವುದಕ್ಕೂ ಇರುವ ಈ ಅಂತರವು ಅಡಿಗೆಮನೆಯಲ್ಲಿ ಎಲ್ಲರಿಗೂ ಸ್ಪಷ್ಟ. ಹಣಕಾಸಿನ ವ್ಯವಹಾರಕ್ಕೆ ಬಂದಾಗ ಅದು ಅಷ್ಟು ಸುಲಭವಾಗಿ ಕಾಣುವುದಿಲ್ಲ. ಅಂತಹ ಒಂದು ವ್ಯವಹಾರವೆಂದರೆ ಸಾಲ ತೀರಿಸಲಾಗದವನು ನ್ಯಾಯಾಲಯಕ್ಕೆ ಸಲ್ಲಿಸುವ ದಿವಾಳಿ ಅರ್ಜಿ. ಹಳ್ಳಿಯ ಮಾತಿನಲ್ಲಿ ಇದಕ್ಕೆ 'ಪಾಪರ್ ಆಗುವುದು' ಎನ್ನುತ್ತಾರೆ. ಮನೆತನಕ್ಕೆ ಅಂಟುವ ಕಳಂಕವೆಂದು ಹಿರಿಯರು ಆ ಮಾತನ್ನು ಆಡುವುದಕ್ಕೂ ಹಿಂಜರಿಯುತ್ತಿದ್ದರು. ಆದರೆ ಇಂದು ಕರ್ನಾಟಕದ ಅನೇಕ ಜೈನ ಮನೆಗಳ ಮಕ್ಕಳು ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಸಂಸಾರ ಹೂಡಿದ್ದಾರೆ. ಆ ದೇಶದಲ್ಲಿ ಈ ಅರ್ಜಿಯು ಸಾಮಾನ್ಯ ಗೃಹಸ್ಥನಿಗೂ ತೆರೆದಿರುವ ಬಾಗಿಲು. ಕೆಲಸ ಹೋದವರು, ಆಸ್ಪತ್ರೆಯ ಬಿಲ್ಲಿನಿಂದ ಕಂಗೆಟ್ಟವರು, ಕ್ರೆಡಿಟ್ ಕಾರ್ಡಿನ ಬಡ್ಡಿಯಲ್ಲಿ ಸಿಕ್ಕಿಬಿದ್ದವರು ಅಲ್ಲಿ ಈ ಬಾಗಿಲನ್ನು ತಟ್ಟುತ್ತಾರೆ. ಅಲ್ಲಿನ ಕಾನೂನಿನಲ್ಲಿ ಅರ್ಜಿಯ ದಿನಾಂಕಕ್ಕೆ ವಿಚಿತ್ರವಾದ ಬಲವಿದೆ. ಆದಾಯ ಏರುವ ಅಥವಾ ಇಳಿಯುವ ಸಮಯದಲ್ಲಿ ಅರ್ಜಿಯನ್ನು ಒಂದೆರಡು ತಿಂಗಳು ಹಿಂದೆ ಮುಂದೆ ಮಾಡಿದರೆ ಫಲವೇ ಬೇರೆಯಾಗಬಹುದು. ಹಾಗಾದರೆ ಅಂತಹ ಮುಹೂರ್ತವನ್ನು ಹುಡುಕುವುದು ಅಣುವ್ರತಿಯಾದ ಗೃಹಸ್ಥನಿಗೆ ಸಲ್ಲುವುದೇ? ಇದು ಈ ಲೇಖನದ ಪ್ರಶ್ನೆ.

ಮೊದಲು ಕಾನೂನಿನ ನಡೆಯನ್ನು ತಿಳಿಯಬೇಕು. ದಿವಾಳಿಯ ವಿಷಯದಲ್ಲಿ ದೇಶಕ್ಕೆಲ್ಲ ಏಕರೂಪವಾದ ಕಾನೂನನ್ನು ಮಾಡುವ ಅಧಿಕಾರವನ್ನು ಅಮೆರಿಕದ ಸಂವಿಧಾನವೇ ಅಲ್ಲಿನ ಕಾಂಗ್ರೆಸ್ಸಿಗೆ ಕೊಟ್ಟಿದೆ. ಈಗಿನ ದಿವಾಳಿ ಸಂಹಿತೆಯು 1978ರದು. 2005ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿಯಾಯಿತು. ಗೃಹಸ್ಥನಿಗೆ ಅದರಲ್ಲಿ ಮುಖ್ಯವಾಗಿ ಎರಡು ದಾರಿಗಳು. ಏಳನೆಯ ಅಧ್ಯಾಯದ ಪ್ರಕಾರ, ಕಾನೂನು ವಿನಾಯಿತಿ ಕೊಟ್ಟ ಸ್ವತ್ತುಗಳನ್ನು ಬಿಟ್ಟು ಉಳಿದುದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚುತ್ತಾರೆ. ಮಿಕ್ಕ ಸಾಲದಲ್ಲಿ ಬಹುಪಾಲು ರದ್ದಾಗುತ್ತದೆ. ಹದಿಮೂರನೆಯ ಅಧ್ಯಾಯದ ಪ್ರಕಾರ, ಸಾಲಗಾರನು ಮೂರರಿಂದ ಐದು ವರ್ಷಗಳ ಕಾಲ ತನ್ನ ಗಳಿಕೆಯಿಂದ ತಿಂಗಳು ತಿಂಗಳೂ ಕಂತು ಕಟ್ಟಿ, ಆ ಬಳಿಕ ಬಿಡುಗಡೆ ಹೊಂದುತ್ತಾನೆ. ಮಕ್ಕಳ ಪೋಷಣೆಯ ಹಣ, ಹಲವು ತೆರಿಗೆಗಳು, ಸಾಮಾನ್ಯವಾಗಿ ವಿದ್ಯಾಭ್ಯಾಸದ ಸಾಲ ಇವು ಈ ಬಿಡುಗಡೆಯಿಂದ ಹೊರಗೆ ಉಳಿಯುತ್ತವೆ.

ಶಕ್ತಿಯಿರುವವನು ಮೊದಲನೆಯ ದಾರಿಯಲ್ಲಿ ಜಾರಿಕೊಳ್ಳಬಾರದೆಂದು 2005ರ ತಿದ್ದುಪಡಿಯು ಒಂದು ಅಳತೆಗೋಲನ್ನು ಇಟ್ಟಿತು. ಅರ್ಜಿ ಸಲ್ಲಿಸಿದ ತಿಂಗಳಿಗೆ ಹಿಂದಿನ ಆರು ಪೂರ್ಣ ತಿಂಗಳುಗಳ ಆದಾಯವನ್ನು ಕೂಡಿಸಿ ಆರರಿಂದ ಭಾಗಿಸುತ್ತಾರೆ. ಬಂದ ಸರಾಸರಿಯನ್ನು, ಆ ರಾಜ್ಯದಲ್ಲಿ ಅಷ್ಟೇ ಜನರಿರುವ ಕುಟುಂಬಗಳನ್ನು ಆದಾಯದ ಕ್ರಮದಲ್ಲಿ ನಿಲ್ಲಿಸಿದಾಗ ನಟ್ಟನಡುವೆ ಬರುವ ಕುಟುಂಬದ ಆದಾಯಕ್ಕೆ ಹೋಲಿಸುತ್ತಾರೆ. ಸರಾಸರಿಯು ಕಡಿಮೆಯಾಗಿದ್ದರೆ ಏಳನೆಯ ಅಧ್ಯಾಯದ ದಾರಿ ಹೆಚ್ಚು ಸರಾಗ; ಹೆಚ್ಚಾಗಿದ್ದರೆ, ಒಪ್ಪಿತವಾದ ಖರ್ಚುಗಳನ್ನು ಕಳೆದು ಮತ್ತೊಂದು ಲೆಕ್ಕಕ್ಕೆ ಒಳಗಾಗಬೇಕು. ಅಲ್ಲಿಯೂ ಶಕ್ತಿಯುಳ್ಳವನೆಂದು ಕಂಡುಬಂದರೆ ಅವನ ಅರ್ಜಿಯನ್ನು ಕಾನೂನಿನ ದುರುಪಯೋಗವೆಂದು ಭಾವಿಸುತ್ತಾರೆ.

ಒಂದು ಲೆಕ್ಕವನ್ನು ಕಲ್ಪಿಸಿ ನೋಡಬಹುದು. ಒಬ್ಬ ಗೃಹಸ್ಥನಿಗೆ ಜೂನ್ ಕೊನೆಯವರೆಗೆ ತಿಂಗಳಿಗೆ 8,000 ಡಾಲರ್ ಸಂಬಳವಿತ್ತು. ಆ ಕೆಲಸ ಹೋಗಿ ಜುಲೈಯಿಂದ 3,000 ಡಾಲರಿನ ಕೆಲಸ ಸಿಕ್ಕಿತು. ಅವನು ಜುಲೈಯಲ್ಲಿ ಅರ್ಜಿ ಕೊಟ್ಟರೆ ಸರಾಸರಿ 8,000. ಅಕ್ಟೋಬರಿನಲ್ಲಿ ಕೊಟ್ಟರೆ 5,500. ಮುಂದಿನ ಜನವರಿಯಲ್ಲಿ ಕೊಟ್ಟರೆ 3,000. ಇನ್ನೊಬ್ಬ ಗೃಹಸ್ಥನ ಸ್ಥಿತಿ ಇದಕ್ಕೆ ವಿಪರೀತ. ಅವನಿಗೆ ಜೂನ್‌ವರೆಗೆ 3,000 ಇತ್ತು. ಜುಲೈಯಿಂದ 8,000 ಬರುತ್ತದೆ. ಅವನು ಜುಲೈ 31ರಂದು ಅರ್ಜಿ ಕೊಟ್ಟರೂ ಸರಾಸರಿ 3,000 ಮಾತ್ರ. ಏಕೆಂದರೆ ಜುಲೈಯ ಸಂಬಳ ಎಣಿಕೆಗೇ ಬರುವುದಿಲ್ಲ. ತಡೆದಷ್ಟೂ ಮೊದಲನೆಯವನಿಗೆ ಲಾಭ, ಎರಡನೆಯವನಿಗೆ ನಷ್ಟ. ಇಬ್ಬರೂ ಪಂಚಾಂಗವನ್ನು ನೋಡುತ್ತಾರೆ, ಇಬ್ಬರೂ ಕಾನೂನಿನ ಒಳಗೇ ಇದ್ದಾರೆ. ಧರ್ಮದ ದೃಷ್ಟಿಯಲ್ಲಿ ಇಬ್ಬರೂ ಸಮಾನರೇ?

ಇಲ್ಲಿ ಒಂದು ಕಠೋರವಾದ ಅಭಿಪ್ರಾಯವನ್ನು ಮೊದಲು ವಿಚಾರಿಸಬೇಕು. 'ತೆಗೆದುಕೊಂಡ ಸಾಲವನ್ನು ತೀರಿಸದಿರುವುದೇ ಚೌರ್ಯ. ಅದಕ್ಕೆ ಮುಹೂರ್ತವೇನು, ವಿಚಾರವೇನು?' ಎಂದು ಕೇಳುವ ಹಿರಿಯರಿದ್ದಾರೆ. ಅವರ ಮಾತಿನ ಹಿಂದೆ ಇರುವ ಧರ್ಮಭೀರುತ್ವವು ಪೂಜ್ಯವಾದುದು. ಆದರೂ ಶಾಸ್ತ್ರವು ಚೌರ್ಯವನ್ನು ಹೇಳುವಾಗ ಬಳಸುವ ಶಬ್ದ 'ಅದತ್ತಾದಾನ', ಎಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು. ದಿವಾಳಿಯ ಕಾನೂನು ಗುಟ್ಟಿನದಲ್ಲ. ಸಾಲ ಕೊಡುವ ಬ್ಯಾಂಕು ಅದನ್ನು ತಿಳಿದೇ ಕೊಡುತ್ತದೆ. ಮರಳಿ ಬಾರದೆ ಹೋಗುವ ಪಾಲನ್ನು ಎಣಿಸಿಯೇ ಬಡ್ಡಿಯನ್ನು ನಿಗದಿ ಮಾಡುತ್ತದೆ. ಸಾಲಗಾರನನ್ನು ಸೆರೆಮನೆಯಲ್ಲಿಟ್ಟು ಕೊಳೆಸುತ್ತಿದ್ದ ಕಾಲವೊಂದಿತ್ತು. ಅದರ ಹಿಂಸೆಯನ್ನು ಕಂಡು, ಕೇಂದ್ರ ನ್ಯಾಯಾಲಯಗಳ ಮಟ್ಟಿಗೆ 1833ರಲ್ಲಿ ಆ ದೇಶವು ಅದನ್ನು ನಿಲ್ಲಿಸಿತು. ಪ್ರಾಮಾಣಿಕನಾಗಿದ್ದೂ ದುರ್ದೈವಕ್ಕೆ ಸಿಕ್ಕಿದವನಿಗೆ ಹಳೆಯ ಋಣದ ಭಾರವಿಲ್ಲದೆ ಬದುಕನ್ನು ಮತ್ತೆ ಆರಂಭಿಸಲು ಅವಕಾಶ ಕೊಡುವುದೇ ಈ ಕಾನೂನಿನ ಉದ್ದೇಶವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1934ರಲ್ಲಿ ಹೇಳಿತು. ಆದುದರಿಂದ ಕಾನೂನಿನ ಮೂಲಕ ದೊರೆಯುವ ಋಣಮುಕ್ತಿಯು 'ದತ್ತ'ವಾದುದೇ, ಸಮಾಜವು ಅರಿತು ಕೊಟ್ಟುದೇ. ಅದನ್ನು ತೆಗೆದುಕೊಳ್ಳುವವನನ್ನು ಕಳ್ಳನೆನ್ನುವುದು ನ್ಯಾಯವಲ್ಲ.

ಆದರೆ ಅದು ಯಾರಿಗೆ ದತ್ತ? ಪ್ರಶ್ನೆಯ ಕೀಲು ಇಲ್ಲಿದೆ. ಕಾನೂನು ಕೊಟ್ಟುದು ನಿಜವಾಗಿ ತೀರಿಸಲಾಗದವನಿಗೆ. ತೀರಿಸಬಲ್ಲವನು ತೀರಿಸಲಾರದವನ ವೇಷ ಧರಿಸಿ ಹೋದರೆ, ದಾನವು ಸಂದದ್ದು ಆ ವೇಷಕ್ಕೆ, ಅವನಿಗಲ್ಲ. ಆಗ ಅದೇ ಋಣಮುಕ್ತಿಯು ಅವನ ಪಾಲಿಗೆ ಅದತ್ತಾದಾನವಾಗುತ್ತದೆ. ದಿನಾಂಕದ ಆಯ್ಕೆಯನ್ನು ತೂಗಬೇಕಾದ ತಕ್ಕಡಿ ಇದೊಂದೇ: ಆರಿಸಿದ ದಿನವು ಮನುಷ್ಯನ ನಿಜಸ್ಥಿತಿಯನ್ನು ತೋರಿಸುತ್ತದೆಯೋ, ಮರೆಮಾಡುತ್ತದೆಯೋ?

ಈ ತಕ್ಕಡಿಯಲ್ಲಿ ಮೊದಲನೆಯ ಗೃಹಸ್ಥನನ್ನು ಇಟ್ಟು ನೋಡಬೇಕು. ಅವನ ನಿಜವಾದ ಶಕ್ತಿ 3,000. ಜುಲೈಯ ಸರಾಸರಿಯು ಅವನನ್ನು 8,000ದ ಧನಿಕನೆಂದು ಹೇಳುತ್ತದೆ. ಸುಳ್ಳು ಹೇಳುತ್ತಿರುವುದು ಅವನಲ್ಲ, ಲೆಕ್ಕ. ಅವನು ಕೆಲವು ತಿಂಗಳು ಕಾದರೆ ಲೆಕ್ಕವು ಸತ್ಯದ ಹತ್ತಿರಕ್ಕೆ ಬರುತ್ತದೆ. ಅವನು ಸೂರ್ಯನನ್ನು ನೋಡಿ ಊಟಕ್ಕೆ ಕೂರುವ ಶ್ರಾವಕನಂತೆ. ಅವನಲ್ಲಿ ದೋಷ ಕಾಣುವುದಕ್ಕೆ ಎಡೆಯಿಲ್ಲ.

ಇಂತಹ ಸಂಗತಿಯೊಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಯಿತು. ಕ್ಯಾನ್ಸಸ್ ರಾಜ್ಯದ ಒಬ್ಬ ಮಹಿಳೆ 2006ರ ಅಕ್ಟೋಬರಿನಲ್ಲಿ ಹದಿಮೂರನೆಯ ಅಧ್ಯಾಯದ ಪ್ರಕಾರ ಅರ್ಜಿ ಕೊಟ್ಟಳು. ಅವಳಿಗೆ ಅಡಮಾನವಿಲ್ಲದ ಸಾಲವೇ 36,793 ಡಾಲರ್ ಇತ್ತು. ಹಿಂದಿನ ಕೆಲಸವನ್ನು ಬಿಡುವಾಗ ಮಾಲೀಕರು ಒಮ್ಮೆಗೇ ಕೊಟ್ಟ ಹಣದಿಂದಾಗಿ ಏಪ್ರಿಲಿನಲ್ಲಿ 11,990 ಡಾಲರ್, ಮೇಯಲ್ಲಿ 15,356 ಡಾಲರ್ ಅವಳ ಆದಾಯವೆಂದು ದಾಖಲಾಗಿತ್ತು. ಆರು ತಿಂಗಳ ಸರಾಸರಿ 5,343 ಡಾಲರ್ ಆಯಿತು. ಅವಳ ಹೊಸ ಕೆಲಸದ ಸಂಬಳವಾದರೋ ತಿಂಗಳಿಗೆ 1,922 ಡಾಲರ್. ಅವಳು ತಿಂಗಳಿಗೆ 144 ಡಾಲರಿನಂತೆ 36 ತಿಂಗಳು ಕಟ್ಟುವೆನೆಂದಳು. 756 ಡಾಲರಿನಂತೆ 60 ತಿಂಗಳು ಕಟ್ಟಿದರೆ ಮಾತ್ರ ಎಲ್ಲರ ಸಾಲವೂ ತೀರುವುದೆಂದು ವ್ಯವಹಾರದ ಟ್ರಸ್ಟಿಯು ಲೆಕ್ಕ ತೋರಿಸಿ ಆಕ್ಷೇಪಿಸಿದನು. ಬರುವ ಸಂಬಳದಲ್ಲಿ ಹೊಟ್ಟೆ ಬಟ್ಟೆ ಕಳೆದು 756 ಡಾಲರ್ ಎಲ್ಲಿಂದ ತರಬೇಕು?

2010ರ ಜೂನ್ 7ರಂದು ನ್ಯಾಯಾಲಯವು ಎಂಟು ನ್ಯಾಯಾಧೀಶರ ಬಹುಮತದಿಂದ ಅವಳ ಪರವಾಗಿ ತೀರ್ಪಿತ್ತಿತು. ಒಬ್ಬರು ಮಾತ್ರ ಭಿನ್ನಾಭಿಪ್ರಾಯ ಸೂಚಿಸಿದರು. ಹಿಂದಿನ ಆರು ತಿಂಗಳ ಲೆಕ್ಕವು ಆರಂಭದ ಅಳತೆ ಮಾತ್ರ; ಆದಾಯದಲ್ಲಿ ಆಗಿರುವ ಅಥವಾ ಆಗುವುದು ಬಹುತೇಕ ನಿಶ್ಚಿತವಾಗಿರುವ ಬದಲಾವಣೆಯನ್ನು ನ್ಯಾಯಾಧೀಶರು ಗಮನಿಸಬಹುದು ಎಂಬುದು ತೀರ್ಪಿನ ಸಾರ. ಈ ನ್ಯಾಯ ಎರಡೂ ಕಡೆಗೆ ಸಲ್ಲುವುದೆಂಬುದನ್ನು ಮರೆಯಬಾರದು. ಆದಾಯ ಇಳಿದವನ ಕೈಯಿಂದ ಇಲ್ಲದ ಹಣವನ್ನು ಕೇಳುವುದು ಎಷ್ಟು ಅಸಂಗತವೋ, ಆದಾಯ ಏರಲಿರುವವನನ್ನು ಬಡವನೆಂದು ಬಿಟ್ಟು ಸಾಲ ಕೊಟ್ಟವರ ಕೈ ಬರಿದು ಮಾಡುವುದೂ ಅಷ್ಟೇ ಅಸಂಗತವೆಂದು ನ್ಯಾಯಾಲಯವು ಕಂಡಿತು.

ಆ ಮಹಿಳೆಯು ಡಿಸೆಂಬರಿನವರೆಗೆ ಕಾದಿದ್ದರೆ ಏಪ್ರಿಲ್ ಮೇ ತಿಂಗಳುಗಳು ತಾವಾಗಿಯೇ ಲೆಕ್ಕದಿಂದ ಜಾರಿ ಹೋಗುತ್ತಿದ್ದವು. ಸಾಲಗಾರರು ಹಾಗೆ ಕಾಯಬಹುದಲ್ಲವೇ ಎಂಬ ವಾದವೂ ನ್ಯಾಯಾಲಯದ ಮುಂದೆ ಬಂದಿತು. ಮುಳುಗುತ್ತಿರುವವನಿಗೆ ಕಾಯುವ ಅವಕಾಶ ಅನೇಕ ವೇಳೆ ಇರುವುದಿಲ್ಲ. ಕಾದರೂ ಅದು ಕಪಟದಂತೆ ಕಾಣುವ ಅಪಾಯವಿದೆ ಎಂದು ನ್ಯಾಯಾಲಯವು ಉತ್ತರಿಸಿತು. ಈ ಎರಡನೆಯ ಮಾತು ಶ್ರಾವಕನಿಗೆ ವಿಶೇಷವಾಗಿ ಮನನೀಯ. ಕಾಯುವ ಕ್ರಿಯೆ ಒಂದೇ. ಅದರ ಒಳಗಿನ ಭಾವವು ಶುದ್ಧವೂ ಆಗಿರಬಹುದು, ಕಲುಷಿತವೂ ಆಗಿರಬಹುದು. ಹಿಂಸೆ, ಅಸತ್ಯ, ಚೌರ್ಯಗಳಿಗೆಲ್ಲ ಪ್ರಮತ್ತಯೋಗವೇ ಮೂಲವೆಂದು ಆಚಾರ್ಯರು ಹೇಳಿದುದು ಇದಕ್ಕಾಗಿಯೇ. ಕ್ರಿಯೆಯನ್ನು ಹೊರಗಿನವರು ನೋಡಬಹುದು. ಯೋಗದ ಪ್ರಮತ್ತತೆಯನ್ನು ಮಾಡಿದವನೇ ನೋಡಬೇಕು.

ಇನ್ನು ಎರಡನೆಯ ಗೃಹಸ್ಥ. ಅವನ ಕೈಯಲ್ಲಿ 8,000 ಡಾಲರಿನ ನೇಮಕಪತ್ರವಿದೆ. ಹಿಂದಿನ ಆರು ತಿಂಗಳು ಅವನು ಬಡವನಾಗಿದ್ದುದು ಸತ್ಯ. ಆದರೆ ಆ ಸತ್ಯವು ನಾಳೆಯವರೆಗೆ ಮಾತ್ರ. ಅವನು ಆತುರದಿಂದ ಅರ್ಜಿ ಸಲ್ಲಿಸುವುದು ಬಡತನದ ಬಾಧೆಯಿಂದಲ್ಲ, ಬಡತನ ಮುಗಿದುಹೋಗುವುದೆಂಬ ಭಯದಿಂದ!

ಕಾನೂನು ಇಲ್ಲಿ ಪೂರ್ಣವಾಗಿ ಕುರುಡಾಗಿಲ್ಲ. ಅರ್ಜಿಯ ಜೊತೆಗೆ ಸಲ್ಲಿಸುವ ಆದಾಯದ ತಖ್ತೆಯಲ್ಲಿ ಒಂದು ನೇರವಾದ ಪ್ರಶ್ನೆಯಿದೆ: ಮುಂದಿನ ಒಂದು ವರ್ಷದಲ್ಲಿ ಆದಾಯ ಏರುವ ಅಥವಾ ಇಳಿಯುವ ನಿರೀಕ್ಷೆಯಿದೆಯೇ? ಇದಕ್ಕೆ ಪ್ರಮಾಣಪೂರ್ವಕವಾಗಿ ಉತ್ತರ ಬರೆಯಬೇಕು. ತಿಳಿದು ತಿಳಿದೂ ಸುಳ್ಳು ಬರೆದರೆ ಐದು ವರ್ಷಗಳವರೆಗೆ ಸೆರೆವಾಸವಾಗಬಹುದು. ಸರಾಸರಿಯ ಲೆಕ್ಕದಲ್ಲಿ ತೇರ್ಗಡೆಯಾದವನ ಅರ್ಜಿಯನ್ನೂ ಒಟ್ಟು ಪರಿಸ್ಥಿತಿಯನ್ನು ನೋಡಿ ತಳ್ಳಿಹಾಕುವ ಅಧಿಕಾರ ನ್ಯಾಯಾಧೀಶರಿಗಿದೆ. ನೇಮಕಪತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು 'ಇಲ್ಲ' ಎಂದು ಬರೆಯುವವನ ಕೃತ್ಯಕ್ಕೆ ಶಾಸ್ತ್ರದಲ್ಲಿ ಹೆಸರು ಹುಡುಕಬೇಕಾಗಿಲ್ಲ. ಅದು ಕೂಟಲೇಖಕ್ರಿಯೆ, ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದು. ರಾಜ್ಯದ ನಿಯಮವನ್ನು ಮೀರಿದುದರಿಂದ ಅಚೌರ್ಯವ್ರತಕ್ಕೂ ಕಲೆ ಹತ್ತಿತು.

ಅದಕ್ಕಿಂತ ಸೂಕ್ಷ್ಮವಾದ ದೋಷವೊಂದಿದೆ. ಅದಕ್ಕೆ ನ್ಯಾಸಾಪಹಾರವೆಂದು ಹೆಸರು. ಒಬ್ಬನು ಇನ್ನೊಬ್ಬನಲ್ಲಿ ನೂರು ಹೊನ್ನು ನ್ಯಾಸವಿಟ್ಟು, ಕಾಲಾಂತರದಲ್ಲಿ ಎಣಿಕೆ ಮರೆತು, 'ನನ್ನ ಎಂಬತ್ತು ಹೊನ್ನು ಕೊಡಿ' ಎಂದು ಕೇಳುತ್ತಾನೆ. ಇಟ್ಟುಕೊಂಡವನು 'ಆಗಲಿ' ಎಂದು ಎಂಬತ್ತನ್ನೇ ಕೊಡುತ್ತಾನೆ. ಅವನು ಬಾಯಿಂದ ಒಂದು ಸುಳ್ಳನ್ನೂ ಆಡಲಿಲ್ಲ. ಕೇಳಿದಷ್ಟನ್ನು ಕೊಟ್ಟನು. ಆದರೂ ಅದು ಅತಿಚಾರವೇ, ಏಕೆಂದರೆ ಇನ್ನೊಬ್ಬನ ಮರೆವನ್ನು ಅವನು ತನ್ನ ಗಳಿಕೆಯನ್ನಾಗಿ ಮಾಡಿಕೊಂಡನು. ಆರು ತಿಂಗಳ ಸರಾಸರಿಯೂ ಕಾನೂನಿನ ಒಂದು ಬಗೆಯ ಮರೆವು. ಅದು ಹಿಂದೆ ನೋಡುತ್ತದೆ, ನಾಳೆಯನ್ನು ನೋಡುವುದಿಲ್ಲ. 'ಕೇಳಿದುದಕ್ಕೆಲ್ಲ ಉತ್ತರ ಕೊಟ್ಟೆ. ಕೇಳದುದನ್ನು ನಾನೇಕೆ ಹೇಳಲಿ?' ಎನ್ನುವವನು ಎಂಬತ್ತು ಹೊನ್ನಿನವನ ಮಾತನ್ನೇ ಆಡುತ್ತಾನೆ.

ಎರಡನೆಯವನ ಪರವಾಗಿಯೂ ಹೇಳಬೇಕಾದ ಮಾತುಗಳಿವೆ. ಅರ್ಜಿ ಸಲ್ಲಿಸಿದ ಕ್ಷಣದಿಂದ ವಸೂಲಿಯ ಬಹುತೇಕ ಕ್ರಮಗಳು ನಿಲ್ಲುತ್ತವೆ. ಮನೆಯು ಹರಾಜಿಗೆ ಬಂದಿದ್ದರೆ, ಸಂಬಳವನ್ನು ಕೈಗೆ ಬರುವ ಮೊದಲೇ ಜಪ್ತಿ ಮಾಡುತ್ತಿದ್ದರೆ, ಅವನು ಕಾಯುತ್ತ ಕೂರಲಾರ. ಹೊಸ ಕೆಲಸವು ಕೇವಲ ಆಸೆಯಾಗಿದ್ದರೆ, ಸಂದರ್ಶನ ಮುಗಿದು ಉತ್ತರ ಬಾರದಿದ್ದರೆ, ಅದನ್ನು ಆದಾಯವೆಂದು ಎಣಿಸುವುದು ಸತ್ಯವೂ ಅಲ್ಲ. ಆಸೆಗೂ ನಿಶ್ಚಯಕ್ಕೂ ಭೇದವಿದೆ. ಅವಸರವಿದ್ದವನು ಅವಸರದಿಂದಲೇ ಅರ್ಜಿ ಕೊಡಲಿ. ಆದರೆ ತಿಳಿದುದನ್ನು ತಖ್ತೆಯಲ್ಲಿ ಬರೆಯಲಿ. ಎಲ್ಲವನ್ನೂ ಬರೆದ ಮೇಲೆ ನ್ಯಾಯಾಧೀಶರು ಅವನನ್ನು ಹದಿಮೂರನೆಯ ಅಧ್ಯಾಯಕ್ಕೆ ಕಳುಹಿಸಿದರೆ ಅದು ಶಿಕ್ಷೆಯಲ್ಲ, ಅವನ ಶಕ್ತಿಗೆ ತಕ್ಕ ದಾರಿ. ಎಲ್ಲವನ್ನೂ ತಿಳಿದೂ ಬಿಡುಗಡೆ ಮಾಡಿದರೆ ಅದು ದತ್ತವಾದುದು.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಹೊಸ ಮಾಲೀಕನಿಗೆ, 'ಕೆಲಸಕ್ಕೆ ಸೇರುವ ದಿನವನ್ನು ಎರಡು ತಿಂಗಳು ಮುಂದೂಡಿ' ಎಂದು ಬೇಡುತ್ತಾರೆ. ಬರಬೇಕಾದ ಬೋನಸ್ಸನ್ನು ಅರ್ಜಿಯ ನಂತರ ಕೊಡುವಂತೆ ಹೇಳಿ ಬಚ್ಚಿಡಿಸುತ್ತಾರೆ. ಇಲ್ಲಿ ಪಂಚಾಂಗ ನೋಡುವುದು ಮುಗಿಯಿತು. ಗಡಿಯಾರದ ಮುಳ್ಳನ್ನು ತಿರುಗಿಸುವುದು ಆರಂಭವಾಯಿತು. ಇಂಥವರು ತಾವು ಮಾತ್ರ ಕೆಡುವುದಿಲ್ಲ, ಮಾಲೀಕನನ್ನೂ ತಮ್ಮ ಅಸತ್ಯದಲ್ಲಿ ಪಾಲುಗಾರನನ್ನಾಗಿ ಮಾಡುತ್ತಾರೆ. ಕೃತ, ಕಾರಿತ, ಅನುಮೋದಿತಗಳೆಂಬ ಮೂರನ್ನೂ ಒಂದೇ ಪತ್ರದಲ್ಲಿ ಸಾಧಿಸಿದಂತಾಯಿತು!

ನ್ಯಾಯವಾಗಿಯೇ ಕಾಯುವವನಿಗೆ ಕಾಯುವ ತಿಂಗಳುಗಳೇ ದೊಡ್ಡ ಪರೀಕ್ಷೆ. ಉಪವಾಸವನ್ನು ಧಾರಣೆಯ ದಿನದಿಂದ ಪಾರಣೆಯ ದಿನದವರೆಗೆ ಹೇಗೆ ನಿಯಮದಿಂದ ಕಳೆಯಬೇಕೋ, ಈ ತಿಂಗಳುಗಳನ್ನೂ ಹಾಗೆಯೇ ಕಳೆಯಬೇಕು. 'ಹೇಗೂ ರದ್ದಾಗುವ ಸಾಲ' ಎಂದು ಈ ಅವಧಿಯಲ್ಲಿ ಕಾರ್ಡಿನ ಮೇಲೆ ಹೊಸ ಸಾಮಾನು ಕೊಳ್ಳುವುದು ನೇರವಾದ ವಂಚನೆ; ಅರ್ಜಿಗೆ ಮುಂಚಿನ 90 ದಿನಗಳಲ್ಲಿ ಒಂದು ಮಿತಿಯನ್ನು ಮೀರಿ ಮಾಡಿದ ವಿಲಾಸದ ಸಾಲವನ್ನು ಕಾನೂನು ಸಹ ಸಂಶಯದಿಂದಲೇ ನೋಡುತ್ತದೆ. ಎರಡನೆಯ ಆಕರ್ಷಣೆ ಬಂಧುಪ್ರೇಮ. 'ಬ್ಯಾಂಕಿನದು ಹೋದರೆ ಹೋಗಲಿ, ಭಾವನ ಹಣವನ್ನು ಮೊದಲು ತೀರಿಸಿಬಿಡೋಣ' ಎಂದು ಮನಸ್ಸು ಹೇಳುತ್ತದೆ. ಅರ್ಜಿಗೆ ಹಿಂದಿನ ಒಂದು ವರ್ಷದಲ್ಲಿ ಬಂಧುಗಳಿಗೆ ಹಾಗೆ ತೀರಿಸಿದುದನ್ನು ಟ್ರಸ್ಟಿಯು ಅವರಿಂದ ಮರಳಿ ವಸೂಲು ಮಾಡಬಹುದು. ಇತರರ ವಿಷಯದಲ್ಲಿ ಈ ಅವಧಿ 90 ದಿನ. ಕಾನೂನಿನ ಈ ಕಠಿಣತೆಯಲ್ಲಿ ಸಮಭಾವವಿದೆ. ಇರುವುದು ಸ್ವಲ್ಪವೇ ಆದಾಗ ಅದರ ಮೇಲೆ ಎಲ್ಲ ಋಣದಾತರಿಗೂ ಹಕ್ಕುಂಟು. ರಾಗವಿರುವ ಕಡೆಗೆ ಹೆಚ್ಚು, ರಾಗವಿಲ್ಲದ ಕಡೆಗೆ ಶೂನ್ಯ ಎಂದು ಹಂಚುವಂತಿಲ್ಲ.

ಮೂರನೆಯದು ದಾನ. ಧಾರ್ಮಿಕ ಸಂಸ್ಥೆಗಳಿಗೆ ಕೊಟ್ಟ ದಾನವನ್ನು, ವರ್ಷದ ಒಟ್ಟು ಆದಾಯದ ಶೇಕಡಾ 15ರವರೆಗೆ, 1998ರ ಕಾನೂನು ಅಲ್ಲಿ ರಕ್ಷಿಸುತ್ತದೆ. ಆದರೆ ರಕ್ಷಣೆಯಿದೆಯೆಂದು ಋಣದಾತನ ಹಣದಿಂದ ಬೋಲಿ ಕೂಗಿ ಕಲಶ ಪಡೆಯುವುದು ಶ್ರಾವಕನಿಗೆ ಒಪ್ಪುವುದಿಲ್ಲ. ದಾನವೆಂದರೆ ತನ್ನದರ ತ್ಯಾಗ. ಸಾಲದಲ್ಲಿ ಮುಳುಗಿದವನು ಬಸದಿಗೆ ಹೋಗಿ ಒಂದು ಹಿಡಿ ಅಕ್ಷತೆಯನ್ನಿಟ್ಟು ಕೈಮುಗಿದರೆ ಭಗವಂತನ ಸನ್ನಿಧಿಯಲ್ಲಿ ಯಾವ ಕೊರತೆಯೂ ಆಗದು.

ಋಣಮುಕ್ತಿಯ ಆಜ್ಞೆ ದೊರೆತ ಮೇಲೆ ಪ್ರಶ್ನೆಯು ಮುಗಿಯಿತೇ? ನ್ಯಾಯಾಲಯದ ಮಟ್ಟಿಗೆ ಮುಗಿಯಿತು. ಆ ಬಳಿಕ ರದ್ದಾದ ಸಾಲವನ್ನು ಯಾರೂ ಕೇಳುವಂತಿಲ್ಲ. ಕೇಳಿದರೆ ಅದು ಆಜ್ಞೆಯ ಉಲ್ಲಂಘನೆ. ಆದರೆ ಅದೇ ಸಂಹಿತೆಯಲ್ಲಿ ಒಂದು ಚಿಕ್ಕ ವಾಕ್ಯವಿದೆ: ಋಣಿಯು ತಾನಾಗಿ, ಸ್ವಇಚ್ಛೆಯಿಂದ, ಯಾವ ಸಾಲವನ್ನಾದರೂ ತೀರಿಸುವುದಕ್ಕೆ ಅಡ್ಡಿಯಿಲ್ಲ ಎಂಬುದು ಅದರ ತಾತ್ಪರ್ಯ. ಕೇಳುವ ಹಕ್ಕು ಯಾರಿಗೂ ಉಳಿದಿಲ್ಲ. ಕೊಡುವ ಹಕ್ಕು ಉಳಿದಿದೆ. ಅಣುವ್ರತಿಗೆ ಈ ವಾಕ್ಯವು ಇಡೀ ಕಾನೂನಿನ ಹೃದಯವಾಗಿ ತೋರಬೇಕು. ಎಲ್ಲಿ ಭಯವಿಲ್ಲವೋ ಅಲ್ಲಿಯೇ ವ್ರತದ ಪರೀಕ್ಷೆ ಅಲ್ಲವೇ?

ಇದರ ಅರ್ಥ, ಕಷ್ಟದಿಂದ ಎದ್ದು ನಿಂತವನು ಮಕ್ಕಳ ಹೊಟ್ಟೆ ಕಟ್ಟಿ ಹಳೆಯ ಬಡ್ಡಿಯನ್ನೆಲ್ಲ ತೀರಿಸಬೇಕೆಂದಲ್ಲ. ಅದು ತನ್ನವರ ಮೇಲೆ ಮಾಡುವ ಹಿಂಸೆಯಾದೀತು. ಇಲ್ಲಿ ದಾರಿ ತೋರುವುದು ಪರಿಗ್ರಹಪರಿಮಾಣ ವ್ರತ. ಗೃಹಸ್ಥನು ತನ್ನ ಸಂಸಾರಕ್ಕೆ ಇಷ್ಟು ಸಾಕೆಂದು ಒಂದು ಮಿತಿಯನ್ನು ಹಾಕಿಕೊಳ್ಳಲಿ. ಆದಾಯವು ಆ ಮಿತಿಯನ್ನು ದಾಟಿದ ದಿನದಿಂದ, ದಾಟಿದ ಭಾಗದಲ್ಲಿ ಒಂದಂಶವನ್ನು ಹಳೆಯ ಋಣಕ್ಕೆ ತೆಗೆದಿಡಲಿ. ಮೊದಲು ತೀರಬೇಕಾದುದು ಬಾಯಿಮಾತಿನ ಮೇಲೆ ಕೊಟ್ಟ ಸ್ನೇಹಿತನದು, ಬಾಡಿಗೆಗೆ ಕಾದ ಮನೆಯೊಡೆಯನದು, ಚಿಕ್ಕ ಅಂಗಡಿಯವನದು. ಏಕೆಂದರೆ ನಷ್ಟವನ್ನು ಮೊದಲೇ ಎಣಿಸಿ ಬಡ್ಡಿ ಹಾಕುವ ಶಕ್ತಿ ಅವರಿಗಿರಲಿಲ್ಲ. ಅರ್ಜಿಗೆ ಮುಂಚೆ ಪಕ್ಷಪಾತವೆನಿಸಿದ್ದ ಈ ಕ್ರಮವು ಆಜ್ಞೆಯ ನಂತರ ಅವನ ಸ್ವಂತ ಗಳಿಕೆಯ ವಿನಿಯೋಗ. ಅವಸರಪಟ್ಟು ಅರ್ಜಿ ಸಲ್ಲಿಸಿದ ಆ ಎರಡನೆಯ ಗೃಹಸ್ಥನಿಗೂ ಈ ಬಾಗಿಲು ಮುಚ್ಚಿಲ್ಲ. ಮುಹೂರ್ತದಲ್ಲಿ ತಪ್ಪಿದ್ದನ್ನು ಅವನು ಪ್ರಾಯಶ್ಚಿತ್ತದಲ್ಲಿ ತಿದ್ದಿಕೊಳ್ಳಬಹುದು.

ಸತ್ಯಘೋಷನ ಕಥೆಯನ್ನು ಶ್ರಾವಕರ ಮನೆಗಳಲ್ಲಿ ಮಕ್ಕಳೂ ಬಲ್ಲರು. ಸುಳ್ಳಾಡಿದರೆ ನಾಲಿಗೆಯನ್ನು ಕತ್ತರಿಸಿಕೊಳ್ಳುವೆನೆಂದು ಜನಿವಾರಕ್ಕೆ ಕತ್ತಿ ಕಟ್ಟಿಕೊಂಡಿದ್ದ ಆ ಪುರೋಹಿತನು, ನಂಬಿ ರತ್ನಗಳನ್ನಿಟ್ಟಿದ್ದ ವರ್ತಕನು ಸರ್ವಸ್ವವನ್ನೂ ಕಳೆದುಕೊಂಡು ಬಂದಾಗ, ಇಟ್ಟಿದ್ದೇ ಇಲ್ಲವೆಂದುಬಿಟ್ಟನು. ರಾಣಿ ರಾಮದತ್ತೆಯ ಜಾಣ್ಮೆಯಿಂದ ರತ್ನಗಳು ಹೊರಬಂದವು. ಕಥೆ ಕೇಳುವವರ ಗಮನವೆಲ್ಲ ಸತ್ಯಘೋಷನ ಶಿಕ್ಷೆಯ ಕಡೆಗೆ ಹೋಗುತ್ತದೆ. ಆದರೆ ಅದಕ್ಕೆ ಮುಂಚೆ ಒಂದು ಘಟನೆಯಿದೆ. ಅರಸನು ಆ ರತ್ನಗಳನ್ನು ತನ್ನ ಭಂಡಾರದ ಅನೇಕ ರತ್ನಗಳೊಡನೆ ಬೆರೆಸಿ, 'ನಿನ್ನವನ್ನು ಆರಿಸಿಕೋ' ಎಂದನು. ವರ್ತಕನು ದಿವಾಳಿಯಾಗಿದ್ದನು, ಎದುರಿಗೆ ರಾಶಿಯಿತ್ತು, ಒಂದನ್ನು ಹೆಚ್ಚಾಗಿ ತೆಗೆದುಕೊಂಡಿದ್ದರೆ ತಡೆಯುವವರಿರಲಿಲ್ಲವೆಂದೇ ಅವನಿಗೆ ತೋರಿರಬೇಕು. ಅವನು ತನ್ನವನ್ನು ಮಾತ್ರ ಆರಿಸಿಕೊಂಡನು. ಆಗ ಅವನ ಮಾತು ಸತ್ಯವೆಂದು ಸಭೆಗೆ ತಿಳಿಯಿತು. ಕಾನೂನು ಋಣಿಯ ಮುಂದೆ ರಾಶಿಯನ್ನು ಸುರಿದು ಆರಿಸಿಕೊಳ್ಳೆಂದು ಹೇಳುವ ದಿನವೂ ಅಂಥದೇ. ತನಗೆ ಸಲ್ಲುವ ಕರುಣೆಯನ್ನು ಸಂಕೋಚವಿಲ್ಲದೆ ತೆಗೆದುಕೊಳ್ಳಲಿ; ಸಲ್ಲದುದನ್ನು ರಾಶಿಯಲ್ಲಿಯೇ ಬಿಡಲಿ.

ಶ್ರಾವಕನು ಸಾಮಾಯಿಕಕ್ಕೆ ಕುಳಿತಾಗ ಕಾಲದ ಮೂರು ಭಾಗಗಳನ್ನೂ ನೋಡುತ್ತಾನೆ. ಆದುದಕ್ಕೆ ಪ್ರತಿಕ್ರಮಣ, ಆಗುತ್ತಿರುವುದಕ್ಕೆ ಆಲೋಚನೆ, ಆಗಲಿರುವುದಕ್ಕೆ ಪ್ರತ್ಯಾಖ್ಯಾನ. ನ್ಯಾಯಾಲಯದ ತಖ್ತೆಯೂ ತನ್ನ ಮಿತಿಯಲ್ಲಿ ಹಿಂದಿನ ಆರು ತಿಂಗಳನ್ನು, ಇಂದಿನ ಸ್ಥಿತಿಯನ್ನು, ಮುಂದಿನ ಒಂದು ವರ್ಷವನ್ನು ಕೇಳುತ್ತದೆ. ಈ ಮೂರನ್ನೂ ಆತ್ಮಸಾಕ್ಷಿಯಾಗಿ ಒಂದೇ ಹಾಳೆಯ ಮೇಲೆ ಬರೆದು, ಕೈ ನಡುಗದೆ ಸಹಿ ಹಾಕಬಲ್ಲ ದಿನವೇ ಅರ್ಜಿಗೆ ಯೋಗ್ಯವಾದ ದಿನ. ಆ ದಿನವು ಜುಲೈಯಲ್ಲಿ ಬರಲಿ, ಜನವರಿಯಲ್ಲಿ ಬರಲಿ, ಅದಕ್ಕಿಂತ ಶುಭವಾದ ಮುಹೂರ್ತವನ್ನು ಯಾವ ವಕೀಲನೂ ಇಟ್ಟುಕೊಡಲಾರನು.